ಇಪ್ಪತ್ತೋ ಇನ್ನೂರೋ: ಮಲ್ಪೆಯ ಒಂದು ಪಿಗ್ಮಿ ಖಾತೆ

ಮಲ್ಪೆ ಬಂದರಿಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಗೂಡಂಗಡಿ ಇದೆ. ಎದುರಿಗೆ ಬಾಳೆಗೊನೆ ನೇತು ಹಾಕಿರುತ್ತಾರೆ. ಬಿಸ್ಕತ್, ಲಿಂಬೆ ಶರಬತ್ತು, ಬೀಡಿ, ಎಲೆ ಅಡಿಕೆ ಸಿಗುತ್ತದೆ. ಅಂಗಡಿ ನಡೆಸುವವರಿಗೆ ಐವತ್ತು ದಾಟಿದೆ. ಮೂವತ್ತರ ಮೇಲೆ ಕಣ್ಣು ಮಂಜಾಗುತ್ತಾ ಬಂದು, ನಲವತ್ತಕ್ಕೆ ಪೂರ್ತಿ ಹೋಯಿತು. ಅವರ ಹೆಸರು ಇಲ್ಲಿ ಬೇಡ. ಅಂಗಡಿಯಣ್ಣ ಎಂದೇ ಕರೆಯುತ್ತೇನೆ.

ನಾನು ಉಡುಪಿಯಲ್ಲಿ ಸಹಕಾರಿ ಸೊಸೈಟಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ನಾಲ್ಕು ಜನರ ತಂಡದಲ್ಲಿದ್ದೇನೆ. ಅಂಗಡಿಯಣ್ಣನ ಪಿಗ್ಮಿ ಖಾತೆ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಹಣ ಕಟ್ಟುವ ಖಾತೆ, ಇರುವ ಸೊಸೈಟಿಯ ಕಲೆಕ್ಷನ್ ಆ್ಯಪ್ ನಮ್ಮದೇ. ಅದರಲ್ಲಿದ್ದ ಒಂದು ತಪ್ಪು ಅವರೊಬ್ಬರಿಗೇ ಹೇಗೆ ಪೆಟ್ಟು ಕೊಟ್ಟಿತು, ಅದನ್ನು ಸರಿ ಮಾಡಲು ಹೋಗಿ ನಾವು ಎಲ್ಲೆಲ್ಲಿ ದಾರಿ ತಪ್ಪಿದೆವು ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇಂಥ ಆ್ಯಪ್ ಮಾಡುವ ಬೇರೆಯವರಿಗೆ ಉಪಯೋಗವಾದೀತು.

ಪಿಗ್ಮಿ ಹುಟ್ಟಿದ್ದೇ ಈ ಊರಿನಲ್ಲಿ. 1925ರಲ್ಲಿ ಉಡುಪಿಯಲ್ಲಿ ಶುರುವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಆದರೂ ಸಾಕು, ಏಜೆಂಟರೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರ ಹತ್ತಿರ ಬ್ಯಾಂಕೇ ಹೋಗಬೇಕು ಎಂಬ ಯೋಚನೆ ಅದು. ಇವತ್ತು ಕರಾವಳಿಯ ಯಾವ ಪೇಟೆಗೆ ಹೋದರೂ ಸಂಜೆ ಹೊತ್ತಿಗೆ ಬ್ಯಾಗು ಹೆಗಲಿಗೆ ಹಾಕಿಕೊಂಡ ಪಿಗ್ಮಿಯವರು ಕಾಣಸಿಗುತ್ತಾರೆ. ಮಲ್ಪೆಯಂಥ ಕಡೆ ಇದು ಇನ್ನೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಬೋಟು ಇಳಿಯುವುದಿಲ್ಲ. ಬೋಟು ಇಳಿಯದಿದ್ದರೆ ಅಂಗಡಿಗೆ ಗಿರಾಕಿ ಇಲ್ಲ. ಅಂಗಡಿಯಣ್ಣ ಮಳೆಗಾಲಕ್ಕೆಂದೇ ಪಿಗ್ಮಿ ಕಟ್ಟುತ್ತಿದ್ದರು. ಒಳ್ಳೆಯ ವ್ಯಾಪಾರದ ದಿನ ಇನ್ನೂರು, ಇಲ್ಲದಿದ್ದರೆ ನೂರು.

ಏನಾಯಿತು

ಏಪ್ರಿಲ್ ತಿಂಗಳ ಕೊನೆಗೆ ಮಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಮನೆಗೆ ಬಂದಳು. ಅಪ್ಪ ಪಾಸ್‌ಬುಕ್ ಓದಿಸಿದರು. 7860 ರೂಪಾಯಿ ಇತ್ತು.

“ಇಲ್ಲ ಮಗಾ, 8400 ಇರಬೇಕು,” ಎಂದರು.

ಪಿಗ್ಮಿಯವರು ಕೊಟ್ಟ ಚೀಟಿಗಳನ್ನೆಲ್ಲ ಅವರು ಒಂದು ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ದರು. ಮಗಳು ತೆಗೆದು ನೋಡಿದರೆ ಅರ್ಧಕ್ಕರ್ಧ ಚೀಟಿ ಖಾಲಿ. ಆ ಸಣ್ಣ ಮೆಷಿನ್ನು ಶಾಯಿಯಲ್ಲಿ ಬರೆಯುವುದಿಲ್ಲ, ಕಾಗದಕ್ಕೆ ಬಿಸಿ ತಾಗಿಸಿ ಅಕ್ಷರ ಮೂಡಿಸುತ್ತದೆ. ತಗಡಿನ ಅಂಗಡಿಯ ಸೆಕೆಗೆ ಇಟ್ಟರೆ ಎಷ್ಟು ದಿನ ಉಳಿದೀತು? ಕಣ್ಣಿದ್ದವರಿಗೂ ಓದಲಾಗದ ಚೀಟಿಯನ್ನು ಕಣ್ಣಿಲ್ಲದವರು ಜೋಪಾನವಾಗಿ ಎರಡು ತಿಂಗಳು ಎತ್ತಿಟ್ಟಿದ್ದರು.

ಪಿಗ್ಮಿಯವರನ್ನು ಕೇಳಿದಾಗ ಅವರಿಗೆ ತುಂಬ ನೋವಾಯಿತು. ಆ ಲೈನಿನಲ್ಲಿ ಹದಿನೈದು ವರ್ಷದಿಂದ ಇರುವವರು. “ನಾನು ನಿಮ್ಮ ದುಡ್ಡು ತಿಂತೇನಾ ಮಾರಾಯ್ರೆ?” ಎಂದು ಕೇಳಿ, ಮಾರನೇ ದಿನ ತಮ್ಮ ಕೈಯಿಂದಲೇ 540 ರೂಪಾಯಿ ತಂದು ಕೊಟ್ಟರು. ಅಂಗಡಿಯಣ್ಣ ತೆಗೆದುಕೊಳ್ಳಲಿಲ್ಲ. “ನಿಮ್ಮ ಮೇಲೆ ಅನುಮಾನ ಇಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಗೊತ್ತಾಗಬೇಕು,” ಎಂದರು. ಇಬ್ಬರೂ ಸೇರಿ ಸೊಸೈಟಿಗೆ ಹೋದರು. ಸೊಸೈಟಿಯವರು ನಮಗೆ ಫೋನ್ ಮಾಡಿದರು.

ದಾಖಲೆ ತೆಗೆದು ನೋಡಿದಾಗ ಮೂರು ದಿನ 20 ರೂಪಾಯಿ ಎಂದು ಜಮಾ ಆಗಿತ್ತು. ಅಂಗಡಿಯಣ್ಣ ಯಾವತ್ತೂ ಇಪ್ಪತ್ತು ಕಟ್ಟಿದವರಲ್ಲ. ಮೂರು ಸಲ ನೂರೆಂಬತ್ತು ಸೇರಿದರೆ ಸರಿಯಾಗಿ 540.

ಕಾರಣ ನಮ್ಮ ಆ್ಯಪ್‌ನಲ್ಲೇ ಇತ್ತು. ಕೈ ತಪ್ಪಿ ಒಂದೇ ಅಂಕಿ ಎರಡು ಸಲ ಬೀಳಬಾರದು ಅಂತ, ಅದೇ ಕೀಯನ್ನು ತೀರಾ ಬೇಗ ಇನ್ನೊಮ್ಮೆ ಒತ್ತಿದರೆ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಬರೆದಿದ್ದೆವು. ಪಿಗ್ಮಿಯವರ ಬೆರಳು ಬಹಳ ಚುರುಕು. ಎರಡು, ಸೊನ್ನೆ, ಸೊನ್ನೆ ಎಂದು ಒತ್ತುವಾಗ ಕೊನೆಯ ಸೊನ್ನೆ ಒಮ್ಮೊಮ್ಮೆ ಬಿದ್ದೇ ಇರಲಿಲ್ಲ.

ಈ ತಪ್ಪು ಬೇರೆ ಗಿರಾಕಿಗಳಿಗೂ ಆಗಿತ್ತು. ಆದರೆ ಅವರು ಚೀಟಿ ಕೈಗೆ ಬಂದ ಕೂಡಲೇ “ಇದೆಂತ, ಇಪ್ಪತ್ತು ಅಂತ ಉಂಟಲ್ಲ?” ಎನ್ನುತ್ತಿದ್ದರು. ಪಿಗ್ಮಿಯವರು ಅಲ್ಲೇ ರದ್ದು ಮಾಡಿ ಹೊಸದು ಹಾಕುತ್ತಿದ್ದರು. ಹಾಗಾಗಿ ಅದು ನಮ್ಮ ಕಿವಿಗೆ ಬೀಳಲೇ ಇಲ್ಲ. ಒಂದೇ ಒಂದು ಖಾತೆಯಲ್ಲಿ ತಪ್ಪು ಹಾಗೇ ಉಳಿಯಿತು.

ತಾಳೆ ನೋಡಿದ್ದು ಯಾರು

ಸೊನ್ನೆಯ ತೊಂದರೆ ಸರಿ ಮಾಡಲು ಅರ್ಧ ದಿನ ಸಾಕಾಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನಗೆ ಒಂದು ವಿಷಯ ಕೊರೆಯುತ್ತಿತ್ತು. ನಮ್ಮ ಆ್ಯಪ್‌ನಲ್ಲಿ ಖಚಿತ ಮಾಡಿಕೊಳ್ಳುವ ಪರದೆ ಇತ್ತು. ಮೊತ್ತ ದೊಡ್ಡದಾಗಿ ಬರುತ್ತದೆ, ಕೆಳಗೆ ‘ಸರಿ’ ಮತ್ತು ‘ರದ್ದು’. ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂದು ಹೇಳುವ, ಆ್ಯಪ್ ಮಾಡುವವರೂ ನೋಡಿಕೊಳ್ಳುವ ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ ಇದೆ. 2008ರ ಎರಡನೇ ಆವೃತ್ತಿಯಲ್ಲೇ ಈ ಮಾತು ಉಂಟು: ಹಣದ ವ್ಯವಹಾರವಾದರೆ ಹಿಂದಕ್ಕೆ ಪಡೆಯಲು, ತಪ್ಪು ತಿದ್ದಲು ಇಲ್ಲವೇ ಮೊದಲೇ ಖಚಿತ ಮಾಡಿಕೊಳ್ಳಲು ದಾರಿ ಇರಬೇಕು. ನಾವು ಅದನ್ನು ಪಾಲಿಸಿದ್ದೇವೆ ಎಂದೇ ಅಂದುಕೊಂಡಿದ್ದೆವು.

ಆದರೆ ‘ಸರಿ’ ಒತ್ತುತ್ತಿದ್ದವರು ಪಿಗ್ಮಿಯವರು. ದುಡ್ಡು ಅಂಗಡಿಯಣ್ಣನದು. ದಿನಕ್ಕೆ ನೂರಾರು ಅಂಗಡಿ ಸುತ್ತುವವರು ಆ ಬಟನ್ನನ್ನು ಓದಿ ಒತ್ತುವುದಿಲ್ಲ, ಅಭ್ಯಾಸಬಲದಿಂದ ಒತ್ತುತ್ತಾರೆ. ಬೇರೆ ಗಿರಾಕಿಗಳ ವಿಷಯದಲ್ಲಿ ನಿಜವಾಗಿ ತಾಳೆ ನೋಡುತ್ತಿದ್ದದ್ದು ಚೀಟಿ ಓದುವ ಗಿರಾಕಿಯ ಕಣ್ಣು. ನಮ್ಮ ಇಡೀ ವ್ಯವಸ್ಥೆ ಆ ಕಣ್ಣಿನ ಮೇಲೆ ನಿಂತಿತ್ತು, ನಾವು ಅದನ್ನು ಎಲ್ಲೂ ಬರೆದಿರಲಿಲ್ಲ. ಕಣ್ಣು ಇಲ್ಲದ ಕಡೆ ತಾಳೆಯೂ ಇಲ್ಲ. ಆಗ ದುಡ್ಡು ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ಪ್ರಾಮಾಣಿಕರಾಗಿದ್ದರೂ ಒಬ್ಬರಿಗೊಬ್ಬರು ಮುಖ ಕೊಡಲಾಗದ ಹಾಗೆ ಆಗುತ್ತದೆ. ಆ 540 ರೂಪಾಯಿಗಿಂತ ನನಗೆ ಬೇಸರ ತಂದದ್ದು ಅದು.

ಸೊಸೈಟಿಯ ಮ್ಯಾನೇಜರ್ ಹತ್ತಿರ ಇದನ್ನು ಹೇಳಿದಾಗ ಅವರು ಕೇಳಿದರು, “ನಮ್ಮದು ಬ್ಯಾಂಕ್ ಅಲ್ಲ, ಸೊಸೈಟಿ. ಕಾನೂನಿನಲ್ಲಿ ಹಾಗೆಲ್ಲ ಉಂಟಾ?” ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ತಮ್ಮ ಹಣಕಾಸಿನ ವ್ಯವಹಾರ ತಾವೇ ನೋಡಿಕೊಳ್ಳುವ ಹಕ್ಕು ಅಂಗವಿಕಲರಿಗೆ ಉಳಿದವರಷ್ಟೇ ಇದೆ. ಸೇವೆ ಕೊಡುವವರು ಸರ್ಕಾರಿ ಆಗಲಿ ಖಾಸಗಿ ಆಗಲಿ, ಆ ಸೇವೆ ಅವರ ಕೈಗೆ ಎಟುಕುವಂತಿರಬೇಕು ಎನ್ನುತ್ತದೆ 46ನೇ ಸೆಕ್ಷನ್. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಕಣ್ಣು ಕಾಣದವರು ಮತ್ತು ಆ್ಯಸಿಡ್ ದಾಳಿಗೆ ಸಿಕ್ಕವರು ಬ್ಯಾಂಕಿನ ಕೆವೈಸಿಗಾಗಿ ಪಡುವ ಕಷ್ಟದ ಅರ್ಜಿಯಲ್ಲಿ, ಡಿಜಿಟಲ್ ಸೇವೆ ಎಟುಕುವುದು ಬದುಕುವ ಹಕ್ಕಿನ ಭಾಗ ಎಂದೇ ಹೇಳಿತು. ಮ್ಯಾನೇಜರ್ ಕೇಳಿಸಿಕೊಂಡರು. “ಸರಿ, ಮಾಡಿ. ಖರ್ಚು ಜಾಸ್ತಿ ಬೇಡ,” ಎಂದರು.

ನಮ್ಮ ಮೊದಲ ಯೋಚನೆಗಳು

ನಾವು ತಕ್ಷಣ ಮಾಡಿದ್ದು ಗಿರಾಕಿಗಳಿಗೆ ಒಂದು ಆ್ಯಪ್. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇರುತ್ತದಲ್ಲ, ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಬೆರಳು ಬಲಕ್ಕೆ ಸರಿಸಿದರೆ ಮುಂದಿನ ಬಟನ್, ಎರಡು ಸಲ ತಟ್ಟಿದರೆ ಅದು ಒತ್ತಿದ ಹಾಗೆ. ಪ್ರತಿ ಬಟನ್ನಿಗೂ ಕನ್ನಡದಲ್ಲಿ ಲೇಬಲ್ ಹಾಕಿದೆವು. ಮೂರು ವಾರ ಕಷ್ಟಪಟ್ಟು ಮಾಡಿದ ಮೇಲೆ ಅಂಗಡಿಗೆ ಹೋದೆವು.

ಅಂಗಡಿಯಣ್ಣ ಸಮಾಧಾನದಿಂದ ಕೇಳಿದರು. ಆಮೇಲೆ ಜೇಬಿನಿಂದ ತಮ್ಮ ಕೀಪ್ಯಾಡ್ ಫೋನ್ ತೆಗೆದು ತೋರಿಸಿದರು. “ನನ್ನದು ಇದು. ಮಗಳ ಹಳೇ ಟಚ್ ಫೋನ್ ಮನೆಯಲ್ಲಿ ಉಂಟು. ಆದರೆ ಅಂಗಡಿಯಲ್ಲಿ ಒಂದು ಕೈಯಲ್ಲಿ ನೋಟು, ಇನ್ನೊಂದು ಕೈಯಲ್ಲಿ ಗಿರಾಕಿಯ ಚಿಲ್ಲರೆ. ನಿಮ್ಮ ಪರದೆ ಉಜ್ಜುವುದು ಯಾವ ಕೈಯಲ್ಲಿ?”

ತಂಡದಲ್ಲಿ ಇನ್ನೊಬ್ಬರು ಬ್ರೈಲ್ ಚೀಟಿ ಕೊಡೋಣ ಎಂದಿದ್ದರು. ಅದೂ ನಿಲ್ಲಲಿಲ್ಲ. ಅಂಗಡಿಯಣ್ಣ ಎಸ್ಸೆಸ್ಸೆಲ್ಸಿವರೆಗೆ ಕಣ್ಣಿದ್ದೇ ಓದಿದವರು, ಬ್ರೈಲ್ ಕಲಿತೇ ಇಲ್ಲ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡ ಬಹಳ ಜನರದ್ದು ಇದೇ ಸ್ಥಿತಿ. ಕಣ್ಣು ಕಾಣದವರು ಎಂದ ಕೂಡಲೇ ಬ್ರೈಲ್ ಎನ್ನುವುದು ನಮ್ಮ ಅಭ್ಯಾಸ.

ತಿಂಗಳ ಲೆಕ್ಕದ ಪಿಡಿಎಫ್ ಅನ್ನಾದರೂ ಮಗಳ ಫೋನಿಗೆ ಕಳಿಸೋಣ, ಮನೆಯಲ್ಲಿ ಟಾಕ್‌ಬ್ಯಾಕ್ ಓದಲಿ ಎಂದುಕೊಂಡೆವು. ಓದಿಸಿದರೆ ಒಂದು ಪದವೂ ಅರ್ಥವಾಗಲಿಲ್ಲ. ಸೊಸೈಟಿಯಲ್ಲಿ ಇನ್ನೂ ಹಳೆಯ ನುಡಿ ಫಾಂಟಿನಲ್ಲೇ ಟೈಪ್ ಮಾಡುತ್ತಾರೆ. ಕಣ್ಣಿಗೆ ಅದು ಚಂದದ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಮತ್ತು ಇತರ ಚಿಹ್ನೆಗಳ ಸಂಕೇತ, ಮೇಲೆ ಕನ್ನಡದ ಚಿತ್ರ. ಓದುವ ತಂತ್ರಾಂಶಕ್ಕೆ ಚಿತ್ರ ಕಾಣುವುದಿಲ್ಲ, ಸಂಕೇತ ಮಾತ್ರ ಸಿಗುತ್ತದೆ. ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯುನಿಕೋಡ್‌ನಲ್ಲಿ ಬರೆದಿದ್ದರೆ ಈ ತೊಂದರೆ ಇಲ್ಲ. ಕನ್ನಡದಲ್ಲೇ ಎಲ್ಲ ವ್ಯವಹಾರ ಮಾಡುತ್ತೇವೆ ಎಂದು ಹೆಮ್ಮೆಪಡುವ ಎಷ್ಟೋ ಕಚೇರಿಗಳು ಇಂಥ ಕಡತಗಳನ್ನೇ ಇಂದಿಗೂ ಕೊಡುತ್ತಿವೆ. ನನಗೆ ಇದು ಬಹಳ ಕಸಿವಿಸಿಯ ವಿಷಯ.

ಹುಣಸೆ ಬೀಜ

ಎರಡನೇ ಸಲ ಹೋದಾಗ ನಾನು ಲ್ಯಾಪ್‌ಟಾಪ್ ಒಯ್ಯಲಿಲ್ಲ. ಸುಮ್ನೆ ಸಂಜೆ ನಾಲ್ಕರಿಂದ ಏಳರವರೆಗೆ ಅಂಗಡಿಯ ಬೆಂಚಿನ ಮೇಲೆ ಕೂತೆ.

ಅವರು ನೋಟು ಗುರುತು ಹಿಡಿಯುವುದನ್ನು ಅವತ್ತು ಸರಿಯಾಗಿ ನೋಡಿದೆ. ಹೊಸ ಸರಣಿಯ 100ರ ನೋಟು 142 ಮಿಲಿಮೀಟರ್ ಉದ್ದ, 200ರದ್ದು 146, 500ರದ್ದು 150. ಅಗಲ ಮೂರಕ್ಕೂ 66. ಒಂದಕ್ಕೂ ಇನ್ನೊಂದಕ್ಕೂ ನಾಲ್ಕೇ ಮಿಲಿಮೀಟರ್ ವ್ಯತ್ಯಾಸ. ಮೊದಲಿನ ಸರಣಿಯಲ್ಲಿ ನೂರಕ್ಕೂ ಐನೂರಕ್ಕೂ ಹತ್ತು ಮಿಲಿಮೀಟರ್ ಇತ್ತು, ಬೆರಳಿಗೆ ಕೂಡಲೇ ಗೊತ್ತಾಗುತ್ತಿತ್ತು. ಅಂಚಿನಲ್ಲಿ ಉಬ್ಬಿದ ಗೆರೆಗಳಿವೆ ನಿಜ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಆದರೆ ಮೀನಿನ ನೀರಿನಲ್ಲಿ ನೆಂದು, ಮಡಚಿ, ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದ ನೋಟಿನಲ್ಲಿ ಆ ಗೆರೆ ಎಲ್ಲಿ ಉಳಿಯುತ್ತದೆ? ರಿಸರ್ವ್ ಬ್ಯಾಂಕ್ 2020ರಲ್ಲಿ ನೋಟು ಗುರುತಿಸಲು ‘ಮಣಿ’ ಎಂಬ ಆ್ಯಪ್ ತಂದಿದೆ. ಅದಕ್ಕೂ ಟಚ್ ಫೋನ್ ಬೇಕು, ಕ್ಯಾಮೆರಾ ಹಿಡಿಯಬೇಕು. ಅಂಗಡಿಯಣ್ಣನ ಹತ್ತಿರ ಇರುವುದು ಮೂರು ಕಡೆ ಕತ್ತರಿಸಿದ ಒಂದು ರಟ್ಟಿನ ತುಂಡು. ನೋಟನ್ನು ಅದರ ಮೇಲೆ ಇಟ್ಟು, ತುದಿ ಯಾವ ಕಚ್ಚಿಗೆ ಬಂತು ಎಂದು ಹೆಬ್ಬೆರಳಿನಲ್ಲಿ ನೋಡುತ್ತಾರೆ.

ಪಿಗ್ಮಿಯವರು ಬಂದರು. ಅಂಗಡಿಯಣ್ಣ ಇನ್ನೂರು ಕೊಟ್ಟು ಚೀಟಿ ತೆಗೆದುಕೊಂಡರು. ಅವರು ಆಚೆ ಹೋದ ಮೇಲೆ ಮೇಜಿನ ಕೆಳಗೆ ಕೈ ಹಾಕಿ, ಒಂದು ಡಬ್ಬಿಯಿಂದ ಏನೋ ಎರಡು ತೆಗೆದು ಪಕ್ಕದ ಬಾಟಲಿಗೆ ಹಾಕಿದರು. ಟಕ್, ಟಕ್.

“ಅದೆಂತ ಅಣ್ಣ?”

“ಹುಣಸೆ ಬೀಜ. ನೂರಕ್ಕೆ ಒಂದು.”

ಮಗಳು ಬಂದ ದಿನ ಆ ಬಾಟಲಿಯಲ್ಲಿ ಇದ್ದದ್ದು 84 ಬೀಜ. 8400 ಎಂದು ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದು ಹೀಗೆ. ನಾವು ಮೂರು ವಾರ ಆ್ಯಪ್ ಮಾಡುತ್ತಾ ಕೂತಿದ್ದಾಗ ಅವರ ಲೆಕ್ಕದ ವ್ಯವಸ್ಥೆ ಮೇಜಿನ ಕೆಳಗೆ ತಯಾರಿತ್ತು. ಸೊಸೈಟಿಯ ಲೆಕ್ಕ ಮತ್ತು ಆ ಬಾಟಲಿಯ ಲೆಕ್ಕ ಒಂದನ್ನೊಂದು ಮುಟ್ಟಬೇಕು, ಅಷ್ಟೇ ನಮ್ಮ ಕೆಲಸ ಎಂದು ನನಗೆ ಆಗ ಹೊಳೆಯಿತು.

ಮಳೆ ಬಂದ ಮೇಲೆ

ಮೊದಲು ಧ್ವನಿ ಹಾಕಿದೆವು. ಪಿಗ್ಮಿಯವರು ಮೊತ್ತ ಒತ್ತಿದ ಮೇಲೆ, ‘ಸರಿ’ ಒತ್ತುವ ಮೊದಲೇ, ಅವರ ಫೋನು ಹೇಳಬೇಕು: “ಇನ್ನೂರು ರೂಪಾಯಿ.” ಜೊತೆಗೆ ಒಟ್ಟು ಎಷ್ಟಾಯಿತು ಎಂದೂ ಹೇಳಿಸಿದ್ದೆವು. ಅದನ್ನು ಅಂಗಡಿಯಣ್ಣ ಕೂಡಲೇ ತೆಗೆಸಿದರು. “ನಾನು ಎಷ್ಟು ಕೊಟ್ಟೆ ಅಂತ ಎದುರು ನಿಂತವನಿಗೆ ಕಾಣುತ್ತದೆ. ನನ್ನ ಹತ್ತಿರ ಎಷ್ಟು ಉಂಟು ಅಂತ ಅವನಿಗೆ ಯಾಕೆ?” ನ್ಯಾಯವಾದ ಮಾತು ಅಲ್ವಾ? ಅಂಗಡಿಗಳ ಯುಪಿಐ ಸೌಂಡ್ ಬಾಕ್ಸ್ ಕೂಡ ಬಂದ ಮೊತ್ತ ಹೇಳುತ್ತದೆಯೇ ಹೊರತು ಖಾತೆಯ ಬಾಕಿ ಹೇಳುವುದಿಲ್ಲ.

ಆಫೀಸಿನಲ್ಲಿ ಎಲ್ಲ ಚೆನ್ನಾಗಿ ಕೇಳಿಸಿತು. ಜೂನ್ ಎರಡನೇ ವಾರ ಅಂಗಡಿಗೆ ಒಯ್ದೆವು. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಪಕ್ಕದಲ್ಲಿ ನಿಂತವರ ಮಾತೇ ಕೇಳಿಸದು, ಇನ್ನು ಫೋನಿನದ್ದು? ವಾಲ್ಯೂಮ್ ಪೂರ್ತಿ ಏರಿಸಿದರೂ ಆಗಲಿಲ್ಲ.

ಆಗ ಅಂಗಡಿಯಣ್ಣನೇ ಫೋನನ್ನು ಕೈಯಲ್ಲಿ ಹಿಡಿದು, “ಇದು ಗುರ್ರ್ ಅನ್ನುತ್ತದಲ್ಲ, ನೂರಕ್ಕೆ ಒಂದು ಸಲ ಅನ್ನಲಿ,” ಎಂದರು. ಬೀಜದ ಲೆಕ್ಕವೇ. ನೂರಕ್ಕೆ ಒಂದು ಉದ್ದ ಕಂಪನ, ಹತ್ತಕ್ಕೆ ಒಂದು ಗಿಡ್ಡ ಕಂಪನ. ಇನ್ನೂರಕ್ಕೆ ಎರಡು ಉದ್ದ. ಇಪ್ಪತ್ತಕ್ಕೆ ಎರಡು ಗಿಡ್ಡ. ಮೊದಲ ಸಲ ಉದ್ದಕ್ಕೂ ಗಿಡ್ಡಕ್ಕೂ ಅಂತರ ಸಾಲಲಿಲ್ಲ. ಮಳೆಗೆಂದು ಫೋನಿಗೆ ಪ್ಲಾಸ್ಟಿಕ್ ಸುತ್ತಿದ್ದರು, ಅದರ ಮೇಲಿಂದ ಎರಡೂ ಒಂದೇ ತರ ಅನ್ನಿಸಿತು. ಅಲ್ಲೇ ಬೆಂಚಿನ ಮೇಲೆ ಕೂತು ಬದಲಿಸುತ್ತಾ ಹೋದೆವು. ಕೊನೆಗೆ ಉದ್ದದ್ದು 600 ಮಿಲಿಸೆಕೆಂಡ್, ಗಿಡ್ಡದ್ದು 150, ನಡುವೆ 300ರ ಬಿಡುವು ಎಂದು ನಿಂತಿತು.

ಮುಖ್ಯವಾದ ಬದಲಾವಣೆ ಆಮೇಲಿನದು. ಕಂಪನ ಮುಗಿಯುವವರೆಗೆ ‘ಸರಿ’ ಕೆಲಸ ಮಾಡುವುದಿಲ್ಲ. ಈ ಖಾತೆಗೆ ‘ಸರಿ’ ಪರದೆಯ ಮೇಲೆ ಬರುವುದೇ ಇಲ್ಲ. ಫೋನಿನ ಪಕ್ಕದಲ್ಲಿರುವ ವಾಲ್ಯೂಮ್ ಕೀ ಇದೆಯಲ್ಲ, ಮೇಲಿನದು ಒತ್ತಿದರೆ ಸರಿ, ಕೆಳಗಿನದು ಒತ್ತಿದರೆ ರದ್ದು. ಬೆರಳಿಗೆ ಸಿಗುವ ಗಟ್ಟಿ ಕೀ ಅದು. ಒತ್ತುವವರು ಅಂಗಡಿಯಣ್ಣ. ಪಿಗ್ಮಿಯವರು ಫೋನನ್ನು ಅವರ ಕೈಗೆ ಕೊಟ್ಟು ಒಂದೆರಡು ಸೆಕೆಂಡ್ ಕಾಯಬೇಕು. ಮೊದಮೊದಲು ಅವರಿಗೆ ಇದು ತಡ ಅನ್ನಿಸಿತ್ತು. ಈಗ ಅವರೇ ಹೇಳುತ್ತಾರೆ, “ನನಗೂ ಒಂದು ಭಾರ ಇಳಿಯಿತು.”

ಎಪ್ಪತ್ತು ಅಕ್ಷರ

ಒಟ್ಟು ಎಷ್ಟು ಎಂಬುದು ಗುಟ್ಟಾಗಿ ಗೊತ್ತಾಗಬೇಕಿತ್ತು. ಸೊಸೈಟಿಯಿಂದ ಹೋಗುತ್ತಿದ್ದ ಎಸ್‌ಎಂಎಸ್ ಇಂಗ್ಲಿಷಿನಲ್ಲಿತ್ತು, ಮೊತ್ತ ಎಲ್ಲೋ ನಡುವೆ ಇರುತ್ತಿತ್ತು. ಕನ್ನಡಕ್ಕೆ ಬದಲಿಸೋಣ ಎಂದಾಗ ಮ್ಯಾನೇಜರ್ ಖರ್ಚಿನ ಪ್ರಶ್ನೆ ಎತ್ತಿದರು. ಅದು ನಿಜವೇ. ಇಂಗ್ಲಿಷ್ ಆದರೆ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡ ಆದರೆ 70 ಮಾತ್ರ. ದಾಟಿದರೆ ಒಂದಕ್ಕಿಂತ ಜಾಸ್ತಿ ಎಸ್‌ಎಂಎಸ್‌ನ ದುಡ್ಡು. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ‘ಒಟ್ಟು’ ಎಂದರೆ ನಮಗೆ ಎರಡಕ್ಷರ, ಅಲ್ಲಿ ಐದು. ‘ಪಿಗ್ಮಿ’ ಎಂದರೆ ಆರು.

‘ರೂ.’ ಎಂದು ಬರೆದರೆ ಉಳಿತಾಯ ಆಗುತ್ತಿತ್ತು. ಆದರೆ ಫೋನು ಅದನ್ನು ಬರೀ “ರೂ” ಎಂದು ಓದಿತು. ಹಾಗಾಗಿ ಪೂರ್ತಿ ಬರೆದೆವು: “200 ರೂಪಾಯಿ ಪಿಗ್ಮಿ ಜಮಾ. ಒಟ್ಟು 8400 ರೂಪಾಯಿ.” ಇದು 41. ಸೊಸೈಟಿಯ ಹೆಸರು ಹಾಕಲು ಜಾಗ ಉಳಿಯಿತು. ಅದೇ ಲೈನಿನ ಒಬ್ಬ ಟೈಲರ್‌ಗೆ ಕಿವಿ ಕೇಳಿಸುವುದಿಲ್ಲ, ಅವರಿಗೆ ಈ ಕನ್ನಡ ಎಸ್‌ಎಂಎಸ್ ಬಹಳ ಉಪಕಾರವಾಯಿತು.

ಅಂಗಡಿಯಣ್ಣನ ಕೀಪ್ಯಾಡ್ ಫೋನು ಎಸ್‌ಎಂಎಸ್ ಓದಿ ಹೇಳುವುದಿಲ್ಲ. ಅವರಿಗೆ ಮಿಸ್ಡ್ ಕಾಲ್ ವ್ಯವಸ್ಥೆ ಮಾಡಿದೆವು. ನೋಂದಾಯಿಸಿದ ನಂಬರಿನಿಂದ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಕರೆ ಬಂದು ಒಟ್ಟು ಮೊತ್ತ ಹೇಳುತ್ತದೆ. ಧ್ವನಿ ಕೊಟ್ಟವರು ಸೊಸೈಟಿಯ ಕ್ಯಾಷಿಯರ್ ಅಕ್ಕ. ಸಂಖ್ಯೆಗಳನ್ನು ತುಂಡು ತುಂಡಾಗಿ ರೆಕಾರ್ಡ್ ಮಾಡಿ ಜೋಡಿಸುವಾಗ ಕನ್ನಡದ ಒಂದು ಗುಣ ಅಡ್ಡ ಬಂತು. “ಇನ್ನೂರು” ಒಂದೇ ಇದ್ದರೆ ಹಾಗೆ, ಮುಂದೆ ಐವತ್ತು ಬಂದರೆ “ಇನ್ನೂರ ಐವತ್ತು”. “ಎಂಟು ಸಾವಿರ”, ಆದರೆ “ಎಂಟು ಸಾವಿರದ ನಾನೂರು”. ಒಂದೇ ರೂಪ ಇಟ್ಟು ಜೋಡಿಸಿದ ಮೊದಲ ಪ್ರತಿ ಕೇಳಿ ಅಂಗಡಿಯಣ್ಣ, “ನಾನೂರು ಬೇರೆ ಖಾತೆಯಾ?” ಎಂದು ಕೇಳಿದರು. ಹಾಗಾಗಿ ಒಂದರಿಂದ ತೊಂಬತ್ತೊಂಬತ್ತು, ನೂರರಿಂದ ಒಂಬೈನೂರರವರೆಗೆ ಎರಡೆರಡು ರೂಪ, ಸಾವಿರ ಮತ್ತು ಲಕ್ಷಕ್ಕೂ ಎರಡೆರಡು, ಒಟ್ಟು 121 ತುಂಡು. ಅಕ್ಕ ಒಂದು ಭಾನುವಾರ ಕೂತು ಎಲ್ಲ ಹೇಳಿದರು. ಈಗ ತುಳುವಿನಲ್ಲೂ ಬೇಕು ಎಂದು ಮೀನು ಮಾರುವ ಹೆಂಗಸರು ಕೇಳುತ್ತಿದ್ದಾರೆ. ಅವರಲ್ಲಿ ಕೆಲವರಿಗೆ ಓದಲು ಬರುವುದಿಲ್ಲ, ಈ ಮಿಸ್ಡ್ ಕಾಲ್ ನಂಬರು ಅವರ ನಡುವೆ ತಾನಾಗಿ ಹರಡಿತು. ತುಳು ಸಂಖ್ಯೆಗಳ ರೆಕಾರ್ಡಿಂಗ್ ಶುರು ಮಾಡಿದ್ದೇವೆ.

ಬೋಟು ಇಳಿದ ಮೇಲೆ, ಆಗಸ್ಟಿನ ಒಂದು ಸಂಜೆ ನಾನು ಅಲ್ಲೇ ಇದ್ದೆ. ಅಂಗಡಿಯಣ್ಣ ನೋಟು ಕೊಟ್ಟರು. ಫೋನು ಕೈಯಲ್ಲಿ ಐದು ಸಲ ಉದ್ದಕ್ಕೆ ನಡುಗಿತು. ಅವರು ಕೆಳಗಿನ ಕೀ ಒತ್ತಿ, “ನಿಲ್ಲಿ, ನಾನು ಕೊಟ್ಟದ್ದು ಇನ್ನೂರಲ್ವಾ?” ಎಂದರು. ಐನೂರೇ ಆಗಿತ್ತು, ಒದ್ದೆ ನೋಟು ರಟ್ಟಿನ ಮೇಲೆ ಸರಿಯಾಗಿ ಕೂತಿರಲಿಲ್ಲ. ಪಿಗ್ಮಿಯವರು ವಾಪಸ್ ಕೊಟ್ಟರು. ಅಂಗಡಿಯಣ್ಣ ಇನ್ನೊಮ್ಮೆ ಅಳೆದು ನೋಡಿ, ಬೇರೆ ನೋಟು ತೆಗೆದುಕೊಟ್ಟರು. ಎರಡು ಸಲ ನಡುಗಿತು. ಮೇಲಿನ ಕೀ ಒತ್ತಿದರು. ಬಾಟಲಿಗೆ ಎರಡು ಬೀಜ ಬಿತ್ತು. ಬಾಟಲಿ ಬಿಡಿ ಎಂದು ನಾವು ಹೇಳಿಲ್ಲ, ಹೇಳುವುದೂ ಇಲ್ಲ.

ಹಣ ತೆಗೆಯುವ ಕಡೆ ಕೆಲಸ ಇನ್ನೂ ಬಾಕಿ ಇದೆ. ಕಣ್ಣು ಹೋದ ಮೇಲೆ ಸೊಸೈಟಿಯಲ್ಲಿ ಅವರ ಸಹಿ ತೆಗೆದು ಹೆಬ್ಬೆಟ್ಟು ಮಾಡಿಸಿದ್ದರು. ಜೊತೆಗೆ ಸಾಕ್ಷಿ ಬೇಕು. ಸಾಕ್ಷಿಗೆ ಬಂದವರಿಗೆಲ್ಲ ಎಷ್ಟು ತೆಗೆದರು ಎಂದು ಗೊತ್ತಾಗುತ್ತದೆ. ಅವರಿಗೆ ಸಹಿ ಈಗಲೂ ಚೆನ್ನಾಗಿ ಬರುತ್ತದೆ. ಊದುಬತ್ತಿ ಪೆಟ್ಟಿಗೆಯ ರಟ್ಟಿನಲ್ಲಿ ಸಹಿಯಷ್ಟು ಉದ್ದದ ಕಿಂಡಿ ಕತ್ತರಿಸಿ ಕೊಟ್ಟೆ. ಅದನ್ನು ಕಾಗದದ ಮೇಲೆ ಇಟ್ಟು, ಕಿಂಡಿಯ ಅಂಚು ಹಿಡಿದು ಹತ್ತು ಸಲ ಸಹಿ ಹಾಕಿದರು. ಹತ್ತೂ ಒಂದೇ ತರ ಇತ್ತು. ಆ ಹಾಳೆಯನ್ನು ಮ್ಯಾನೇಜರ್ ಮೇಜಿನ ಮೇಲೆ ಇಟ್ಟಿದ್ದೇವೆ. ಸೋಮವಾರ ಹೊಸ ಸಹಿ ಮಾದರಿ ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ.